ಸೊಸೆ ಅಳೆದು ಕೊಟ್ಟ ನೀರು

"ಕುಡೀಬ್ಯಾಡ್ರಿ ಮಾವಾರ!"

ಡ್ಯೂಟಿಯಿಂದ ಬಂದ ದಾನೇಶ್ವರಿ ಹೆಗಲ ಚೀಲವನ್ನೂ ಇಳಿಸದೆ ಓಡಿ, ಮಾವ ಗಿರಿಮಲ್ಲಪ್ಪನ ತುಟಿಗೆ ತಾಗಿದ್ದ ಎಳನೀರಿನ ಲೋಟವನ್ನು ಕಸಿದುಕೊಂಡಳು. ಅರ್ಧ ಹಾಸಿಗೆಗೆ ಚೆಲ್ಲಿತು. ಅಣ್ಣನನ್ನು ನೋಡಲೆಂದು ತೇರದಾಳದಿಂದ ಆರು ಎಳನೀರು ಹೊತ್ತು ತಂದಿದ್ದ ಸುಂದರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ಶಿವವ್ವ ಮಾತ್ರ ಸುಮ್ಮನಿರುವ ಹೆಂಗಸಲ್ಲ!

"ನೋಡಿದೇನ ಸುಂದರವ್ವ? ನಮ್ಮ ಸೊಸಿ ಮುಧೋಳದಾಗ ದೊಡ್ಡ ನರ್ಸ್! ಮನ್ಯಾಗ ಮಾವಗ ಒಂದ ಗುಟುಕ ನೀರ ಕೊಡಂಗಿಲ್ಲ. ಹಾದ್ಯಾಗಿನ ನಾಯಿಗೂ ನೀರಿಡೋ ಮನಿ ಇದು..."

"ಅತ್ತೆವ್ವ, ಮಾವಾರ ಕಿಡ್ನಿ ಕೆಲಸ ನಿಲ್ಲಿಸ್ಯಾವ್ರಿ. ಎಳನೀರಾಗ ಪೊಟ್ಯಾಸಿಯಂ ಅಂತ ಒಂದು ಉಪ್ಪು ಭಾಳ ಇರತೈತಿ. ಅದು ಹೊರಗ ಹೋಗದ ಮೈಯಾಗ ಉಳದ್ರ ಗುಂಡಿಗಿನ ನಿಂತ ಹೋಗತೈತಿ!"

"ಎಳನೀರ ಕುಡದು ಸತ್ತವರನ್ನ ಯಾವ ಊರಾಗ ನೋಡೀದಿ ಬೇ?"

ಎರಡು ವಾರದ ಹಿಂದೆ, ಸುಡುವ ಮೇ ಬಿಸಿಲಿನಲ್ಲಿ ಗಿರಿಮಲ್ಲಪ್ಪನಿಗೆ ವಾಂತಿ-ಭೇದಿ ಹತ್ತಿತ್ತು. ಮೈಯ ನೀರೆಲ್ಲ ಬತ್ತಿ ಮೂತ್ರಪಿಂಡಗಳು ಸೋತವು. ಅಂದಿನಿಂದ ದಿನ ಬಿಟ್ಟು ದಿನ ಜಮಖಂಡಿಗೆ ಡಯಾಲಿಸಿಸ್. ದಿನಕ್ಕೆ ಬೊಗಸೆಯಷ್ಟು ಮೂತ್ರ, ಅಂದರೆ ನೂರು ಎಂ.ಎಲ್. ನಿನ್ನೆ ಹೊರಗೆ ಹೋದಷ್ಟು, ಅದರ ಮೇಲೆ ಅರ್ಧ ಲೀಟರ್, ಇಂದು ಕೊಡಬೇಕಾದ ನೀರು ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ದಾನೇಶ್ವರಿ ಬೆಳಿಗ್ಗೆ ಒಂದು ಹಿತ್ತಾಳೆ ತಂಬಿಗೆಗೆ ಆರುನೂರು ಎಂ.ಎಲ್. ಅಳೆದು ಹಾಕುತ್ತಿದ್ದಳು. ಚಹಾ ಕುಡಿದರೆ ಅಷ್ಟು ನೀರು ತಂಬಿಗೆಯಿಂದ ಕಡಿಮೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಬೇಕು. ಊರ ಬಾಯಿ ಮುಚ್ಚುವವರು ಯಾರು? ಹಿಟ್ಟಿನ ಗಿರಣಿಯ ಮುಂದೆ ಅವಳಿಗೆ 'ನೀರು ಕೊಡದ ಸೊಸೆ' ಎಂಬ ಹೆಸರೇ ಬಿತ್ತು. ಅವರ ಊರು ರನ್ನ ಬೆಳಗಲಿಯಲ್ಲಿ ಹೆಣ್ಣಿಗೆ ಇದಕ್ಕಿಂತ ಕೆಟ್ಟ ಹೆಸರಿಲ್ಲ!

ಅಂದು ಸಂಜೆ ಗಿರಿಮಲ್ಲಪ್ಪನೇ ಹೆಂಡತಿಯನ್ನು ಹತ್ತಿರ ಕರೆದ.

"ನಮ್ಮ ಕೆಳಗಿನ ಹೊಲ ನೆನಪೈತೇನ? ನೀರ ಬಂತಂತ ಖುಷೀಲೆ ಹಾಯಿಸಿ ಹಾಯಿಸಿ ಉಪ್ಪು ಮ್ಯಾಲ ಬಂದು ಸವಳ ಎಬ್ಬಿಸಿದ್ವಿ. ಕಬ್ಬೆಲ್ಲ ಸುಟ್ಟ ಹೋತು. ಹೆಚ್ಚಿನ ನೀರ ಹೊರಗ ಹರಿಯಾಕ ಬಸಿಗಾಲವಿ ತೋಡಿದ ಮ್ಯಾಲ ಭೂಮಿ ಉಳೀತು. ಈಗ ನನ್ನ ಮೈಯಾಗಿನ ಬಸಿಗಾಲವಿ ಮುಚ್ಚೈತಿ. ನೀರ ಹಾಯಿಸಬ್ಯಾಡ್ರಿ ಅಂತಾಳ ದಾನವ್ವ. ತಪ್ಪೇನೈತಿ?"

ಶಿವವ್ವ ಅವನ ಬಾತುಕೊಂಡ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಬಿದ್ದ ಕುಳಿ ಹಾಗೆಯೇ ಉಳಿಯಿತು. ಮರುದಿನದಿಂದ ತಂಬಿಗೆಯ ಕಾವಲು ಅವಳದೇ! ಅಡಿಗೆಮನೆಗೆ ಕೀಲಿ, ಕೀಲಿ ಸೊಂಟಕ್ಕೆ. ಸೊಸೆ ಹಾಕಿದ ಗೆರೆಗಿಂತ ಒಂದು ಹನಿ ಹೆಚ್ಚು ಕೇಳಿದರೆ ಗಂಡನಿಗೇ ಬೈಗುಳ.

ಮುಂದಿನ ಗುರುವಾರ ಬೆಳಿಗ್ಗೆ, ದಾನೇಶ್ವರಿ ಮುಧೋಳದ ಬಸ್ಸು ಹತ್ತಿ ಹೋದ ಗಳಿಗೆಯಲ್ಲೇ ಅದು ಆಯಿತು. ಅಳತೆಯ ಜಗ್ಗಿನಲ್ಲಿ ಮೂತ್ರ ನೂರು ಎಂ.ಎಲ್.ನ ಒಂದು ಗೀಟು ದಾಟಿತು... ಎರಡು... ನಾಲ್ಕು! ಶಿವವ್ವ ಜಗ್ಗು ಹಿಡಿದುಕೊಂಡೇ ಓಣಿಗೆ ಓಡಿದಳು.

"ನಾಕ ಗೀಟ ಬಂತ ಬೇ! ನಮ್ಮನಿಯಾರ ನಾಕ ಗೀಟ ಉಚ್ಚಿ ಹೊಯ್ದ್ರು!"

ಗಿರಣಿಯ ಹೆಂಗಸರು ನಕ್ಕರು, ಅತ್ತರು, ಒಬ್ಬಳು ಕೈಮುಗಿದಳು. ಅಂಥ ವಸ್ತುವಿಗೆ ಕೈಮುಗಿದವರನ್ನು ಆ ಓಣಿ ಅಂದೇ ಮೊದಲು ಕಂಡಿದ್ದು! ಫೋನಿನಲ್ಲಿ ಸುದ್ದಿ ಕೇಳಿದ ದಾನೇಶ್ವರಿ ವಾರ್ಡಿನಲ್ಲೇ ಅತ್ತುಬಿಟ್ಟಳು. ಆ ಸಂಭ್ರಮದಲ್ಲಿ ತಂಬಿಗೆಯ ಮಾತನ್ನೇ ಮರೆತಳು.

ಮಧ್ಯಾಹ್ನ ಮೂರಕ್ಕೆ ಮತ್ತೆ ಫೋನ್.

"ಎರಡ ಲೀಟರ್ ಆತು!" ಶಿವವ್ವನ ದನಿಯಲ್ಲಿ ಹಿಗ್ಗು.

"ನೀರ ಎಷ್ಟ ಕೊಟ್ಟೀರಿ?"

"ಮೂರನೂರ! ಒಂದ ಹನಿ ಹೆಚ್ಚ ಕೊಟ್ಟಿಲ್ಲ!"

ದಾನೇಶ್ವರಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. "ಮಾವಾರು ಹೆಂಗದಾರ್ರಿ?"

"ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬಂತು, ಮಲಗ್ಯಾರ."

"ಅತ್ತೆವ್ವ, ಈಗಿಂದೀಗ ನೀರ ಕೊಡ್ರಿ!"

"ನನ್ನ ಪರೀಕ್ಷಾ ಮಾಡಾಕತ್ತೀಯೇನ? ನಾ ಕೊಡಾಕಿ ಅಲ್ಲ!" ಫೋನ್ ಕಟ್ಟಾಯಿತು.

ಡಾಕ್ಟರನ್ನು ಕೇಳಿ, ಓ.ಆರ್.ಎಸ್. ಪೊಟ್ಟಣ ಹಿಡಿದು, ಪರಿಚಯದವರ ಬೈಕಿನ ಹಿಂದೆ ಕೂತು ಅವಳು ಮನೆ ಮುಟ್ಟಿದಾಗ, ಗಿರಿಮಲ್ಲಪ್ಪನ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಶಿವವ್ವ ಅಡಿಗೆಮನೆಯ ಬಾಗಿಲಿಗೆ ಅಡ್ಡ ಕೂತಿದ್ದಳು!

"ಕೀಲಿ ಕೊಡ್ರಿ ಅತ್ತೆವ್ವ. ಬಸಿಗಾಲವಿ ತೆರೀತು. ಈಗ ನೀರು ಉಪ್ಪು ಎಲ್ಲಾ ಕೊಚ್ಚಿ ಹೊಂಟೈತಿ. ಹೋದಷ್ಟ ಹಾಯಿಸದಿದ್ರ ಹೊಲ ಬಿರೀತೈತ್ರಿ! ತಪ್ಪು ನಂದು, ಬೆಳಿಗ್ಗೇನ ಹೇಳಬೇಕಿತ್ತು..."

ಶಿವವ್ವ ಸೊಂಟದ ಕೀಲಿ ಬಿಚ್ಚಿ ಕೊಟ್ಟಳು. ದಾನೇಶ್ವರಿ ಗುಟುಕು ಗುಟುಕಾಗಿ ಕುಡಿಸಿದಳು. ಒಂದು ಲೋಟ, ಎರಡು ಲೋಟ... ಅರ್ಧ ಗಂಟೆಯಲ್ಲಿ ಗಿರಿಮಲ್ಲಪ್ಪ ಕಣ್ಣರಳಿಸಿ, "ಇನ್ನೂ ಐತೇನ ದಾನವ್ವ?" ಎಂದ. ಮೂವರೂ ನಕ್ಕರು. ನಗುತ್ತಿದ್ದ ಶಿವವ್ವ ಗಂಡನ ಕಾಲಬಳಿ ಕೂತಳು.

"ಎರಡ ಸಲ ನಾನ ಕೊಲ್ಲತಿದ್ನಿ! ಅವತ್ತ ಭೇದಿ ಆದಾಗ ಮೈಕೈ ನೋವಂತ ಅಂಗಡ್ಯಾಗಿನ ಗುಳಿಗಿ ತಂದು ದಿನಕ್ಕ ನಾಕು ನುಂಗಿಸೀನಿ. ಯಾರಿಗೂ ಹೇಳಿಲ್ಲವ್ವ. ಗುಳಿಗೀಲೇ ಕಿಡ್ನಿ ಹೋಗತಾವಂತ ದವಾಖಾನ್ಯಾಗ ಯಾರೋ ಅಂದ್ರು..."

"ನನಗ ಗೊತ್ತಿತ್ತ್ರಿ," ಎಂದಳು ದಾನೇಶ್ವರಿ ಮೆಲ್ಲಗೆ. "ದಿಂಬಿನ ಕೆಳಗ ಗುಳಿಗಿ ಅಂಗಡಿ ಚೀಟಿ ಸಿಕ್ಕಿತ್ತು. ಡಾಕ್ಟರಿಗಷ್ಟ ಹೇಳೀನಿ. ಮನ್ಯಾಗ ಹೇಳಿದ್ರ ನಿಮ್ಮ ಮುಖ ನೋಡಾಕ ಆಗತಿರಲಿಲ್ಲ."

ಊರೆಲ್ಲ ಆಡಿಕೊಳ್ಳುವಾಗ ಒಂದೇ ಮಾತಿನಿಂದ ಆ ಊರ ಬಾಯಿಯನ್ನು ಅತ್ತೆಯ ಕಡೆ ತಿರುಗಿಸಬಹುದಿತ್ತು. ಹುಡುಗಿ ಆಡಲಿಲ್ಲ!

ಶಿವವ್ವ ಸೊಸೆಯನ್ನು ನೋಡಿದಳು. ಬಿಸಿಲಿಗೆ ಕೆಂಪಾದ ಮುಖ, ಒಡೆದ ತುಟಿ. ಎದ್ದು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದರಲ್ಲಿ ಆ ಹಿತ್ತಾಳೆ ತಂಬಿಗೆಯ ತುಂಬ ನೀರು.

"ನಾಯಿಗೂ ನೀರಿಡೋ ಮನಿ ಅಂದ್ನಿ... ಇಷ್ಟ ದಿನ ಬಿಸಿಲಾಗ ಬಂದಾಕಿಗಿ ಒಂದ ದಿನಾನೂ ನೀರ ಕೊಡಲಿಲ್ಲ. ತಗೋ ಮಗಳ, ಕುಡಿ."

ದಾನೇಶ್ವರಿ ನೆಲಕ್ಕೆ ಕೂತು, ಬೆಲ್ಲ ಕಚ್ಚಿ, ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಪೂರ್ತಿ ಕುಡಿದಳು.