ಹಸಿರು ದೀಪದ ಲೇಖನಿ

ಸಿದ್ದಾಜಮ್ಮ ರುಜು ಹಾಕುತ್ತಿದ್ದಂತೆ ಲೇಖನಿಯ ತುದಿಯಲ್ಲಿ ಹಸಿರು ದೀಪ ಹೊತ್ತಿತು. ಕೆರೆಯ ಮೀನು ಗುತ್ತಿಗೆ ಪಂಚಾಯಿತಿ ಉಪಾಧ್ಯಕ್ಷ ಶಿವಮಲ್ಲಪ್ಪನವರ ಅಳಿಯನಿಗೆ ಮಂಜೂರಾಯಿತು.

ಇದು ೨೦೫೮ರ ಮಾತು. ಲೇಖನಿಯ ಹೆಸರು ‘ನಿರ್ಭಯ’. ಹಿಡಿದವರ ಬೆರಳಿನ ನಾಡಿ, ಬೆವರು, ನಡುಕಗಳನ್ನು ಅಳೆದು, ಭಯ ಕಂಡರೆ ಕೆಂಪು ದೀಪ ತೋರಿಸುತ್ತದೆ. ಕೆಂಪು ಬಿದ್ದ ಠರಾವು ಕಾನೂನಿನ ಪ್ರಕಾರ ರದ್ದು. ಮೀಸಲು ಸ್ಥಾನದಲ್ಲಿ ಗೆದ್ದ ದಲಿತರನ್ನು ಹೆದರಿಸಿ ರುಜು ಹಾಕಿಸಿಕೊಳ್ಳುವ ಚಾಳಿಗೆ ಇದೇ ಮದ್ದೆಂದು ಡಾಕ್ಟರ್ ಮೃದುಲಾ ಇದನ್ನು ಕಂಡುಹಿಡಿದಿದ್ದರು. ಎಲ್ಲ ಪಂಚಾಯಿತಿಗಳಲ್ಲೂ ಹಸಿರೋ ಹಸಿರು. ಅದನ್ನು ಕಣ್ಣಾರೆ ನೋಡಿ ಖುಷಿಪಡಲು ಕೊಳ್ಳೇಗಾಲದ ಕಡೆಯ ಈ ಊರಿಗೆ ಬಂದಿದ್ದರು. ಪಾಪ, ಬರಬಾರದಿತ್ತು.

ಅಧ್ಯಕ್ಷರ ಕುರ್ಚಿ ಖಾಲಿಯಿತ್ತು. ಅಧ್ಯಕ್ಷೆ ಸಿದ್ದಾಜಮ್ಮ ಬಾಗಿಲ ಬಳಿಯ ಸ್ಟೂಲಿನ ಮೇಲಿದ್ದರು. ಎಲ್ಲರಿಗೂ ಗಾಜಿನ ಲೋಟದಲ್ಲಿ ಟೀ ಬಂತು, ಅವರಿಗೆ ಕಾಗದದ ಲೋಟದಲ್ಲಿ.

"ಕುರ್ಚಿ ಮೇಲೆ ಕೂತ್ಕೊಳ್ಳಿ ಅಮ್ಮ," ಎಂದರು ಮೃದುಲಾ.

"ಬ್ಯಾಡಿ ಮೇಡಮ್ಮೋರೆ, ಇಲ್ಲೇ ಗಾಳಿ ಬತ್ತದ."

ಮುಂದಿನ ಠರಾವು ಸಿದ್ದಾಜಮ್ಮನದೇ. ತಮ್ಮ ದಲಿತ ಕೇರಿಗೆ ಕುಡಿಯುವ ನೀರಿನ ಪೈಪು ಎಳೆಸುವುದು. ಯಾರೂ ಹೇಳಿಕೊಡದೆ ಅವರು ಬರೆಸಿದ್ದು ಇದೊಂದೇ. ಕೇರಿಯವರೆಲ್ಲ ದುಡಿಯುವುದು ಶಿವಮಲ್ಲಪ್ಪನವರ ಗದ್ದೆಯಲ್ಲಿ. ಶಿವಮಲ್ಲಪ್ಪ ಗದರಲಿಲ್ಲ. ಲೋಟ ಕೆಳಗಿಟ್ಟು, "ಹಾಕವ್ವ, ಹಾಕು. ಈಗ ನಿಮ್ದೇ ರಾಜ್ಯ," ಎಂದು ನಕ್ಕರು.

ಸಿದ್ದಾಜಮ್ಮನ ಕೈ ಗಡಗಡ ನಡುಗಿತು. ಆದರೂ ಹೆಸರನ್ನು ಪೂರ್ತಿ ಬರೆದರು. ದೀಪ ಕೆಂಪಾಯಿತು.

"ಯಾರೋ ಹೆದರ್ಸಿ ಹಾಕ್ಸವ್ರೆ ಅಂತದ ಮಿಷನ್ನು. ರದ್ದು," ಎಂದರು ಶಿವಮಲ್ಲಪ್ಪ. "ನಾವೇನ್ ಮಾಡಕಾದದು? ಕಾನೂನು."

ಸಿದ್ದಾಜಮ್ಮ ಮೃದುಲಾ ಕಡೆ ತಿರುಗಿದರು. "ನಾನೇ ಹಾಕಿದ್ದು ಮೇಡಮ್ಮೋರೆ. ಅವ್ರು ತೋರಿಸ್ದ ಕಡೆ ಹಾಕ್ವಾಗ ನಂಗ್ಯಾವ ಭಯನೂ ಆಗಲ್ಲ, ಅದು ಮೈಗೆ ಒಗ್ಗೋಗದ. ನಂದು ಅಂತ ಹಾಕ್ವಾಗ್ಲೇ ಅಲ್ವಾ ಭಯ ಆಗದು?"

ಮೃದುಲಾಗೆ ಇಷ್ಟು ವರ್ಷ ತಾನು ಹೆಮ್ಮೆಪಟ್ಟ ಹಸಿರೆಲ್ಲ ಏನೆಂದು ಆಗ ಅರ್ಥವಾಯಿತು.

ಕಾನೂನು ಬದಲಿಸಿ ಎಂದು ಅವರು ಸರ್ಕಾರದೆದುರು ಅಂಗಲಾಚಿದರು. ನಾಡೆಲ್ಲ ಹಸಿರಾಗಿರುವಾಗ ಅದನ್ನು ಕೆಡಿಸುವುದು ಯಾರಿಗೆ ಬೇಕಿತ್ತು? ಪೈಪು ಕೊನೆಗೆ ಶಿವಮಲ್ಲಪ್ಪನವರ ಬೀದಿಗೆ ಹೋಯಿತು. ಆ ಠರಾವಿಗೂ ಸಿದ್ದಾಜಮ್ಮನೇ ರುಜು ಹಾಕಿದರು. ಕೈ ನಡುಗಲಿಲ್ಲ. ಹಸಿರು.

ಅಂಥ ಲೇಖನಿ ಇವತ್ತಿಗೆ ಇನ್ನೂ ಬಂದಿಲ್ಲ. ಬಾಗಿಲ ಬಳಿಯ ಸ್ಟೂಲು, ಕಾಗದದ ಲೋಟ ಈಗಲೇ ಇವೆ. ಅವನ್ನು ನೋಡಲು ಯಾವ ಯಂತ್ರವೂ ಬೇಕಿಲ್ಲ.