ಎಂಪಿ ಆಫೀಸಿನ ಬಳೆಸರ

ಗೋಡೆಯ ಮೇಲೆ ಮೊಳೆ ಇತ್ತು. ಬಳೆಸರ ಇರಲಿಲ್ಲ.

ಸಬ್‌ಇನ್‌ಸ್ಪೆಕ್ಟರ್ ದಾಕ್ಷಾಯಣಿ ಶಿರಾ ಗೇಟ್‌ನ ಎಂಪಿ ಆಫೀಸಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಜನವೋ ಜನ. ಕಳುವಾಗಿದ್ದು ಚಿನ್ನವಲ್ಲ, ಬೆಳ್ಳಿಯಲ್ಲ. ಗುಬ್ಬಿ ಸಂತೆಯಲ್ಲಿ ಕೊಂಡ ಗಾಜಿನ ಬಳೆ. ಅದಕ್ಕೆ ಪೊಲೀಸ್ ಜೀಪು ಬೇರೆ! ನಗಬೇಡಿ, ಸ್ವಲ್ಪ ತಾಳಿ.

ವೆಂಕಟರಂಗಯ್ಯ ಪಕ್ಷೇತರರಾಗಿ ಗೆದ್ದು ದೆಹಲಿಗೆ ಹೊರಟ ದಿನ ಅವರ ತಾಯಿ ಹನುಮಂತಮ್ಮ ಒಂದು ಕರಾರು ಹಾಕಿದ್ದರು. "ನಿಂಗೆ ಅಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ ಕಣ್ಲಾ. ಏನ್ ಓಟ್ ಹಾಕಿದ್ರೂ ನಂಗೆ ಹೇಳು. ನಾನು ಊರಿಗೆಲ್ಲ ತೋರಿಸ್ತೀನಿ."

ಅಕ್ಷರ ಬಾರದ ಅವ್ವ ತೋರಿಸುವುದು ಹೇಗೆ? ಬಳೆಯಲ್ಲಿ. ಓಟಿಗೊಂದರಂತೆ ಸಾಲಾಗಿ ಕಟ್ಟುತ್ತಿದ್ದರು: ಲೋಕಸಭೆಯಲ್ಲಿ ಮಗ 'ಹೌದು' ಎಂದರೆ ಹಸಿರು ಬಳೆ, 'ಬೇಡ' ಎಂದರೆ ಕೆಂಪು, ಎರಡೂ ಅನ್ನದೆ ಕೂತರೆ ಹಳದಿ. ಸಮಿತಿಯ ಕೆಲಸಕ್ಕೆ ಕವಡೆ. ತೆಂಗಿಗೆ ನುಸಿ ರೋಗ ಬಂದಾಗ ಮಗ ಕೃಷಿ ಸಮಿತಿಯನ್ನೇ ಅಮೃತೂರಿನ ತೋಟಕ್ಕೆ ಕರೆತಂದಿದ್ದರು. ಅವತ್ತು ಅವ್ವ ಖುಷಿಗೆ ಎರಡು ಕವಡೆ ಕಟ್ಟಿದ್ದರು. ಪೇಪರ್ ಓದದವರೂ ಆಫೀಸಿಗೆ ಬಂದು ಸರ ನೋಡಿ, ಎಂಪಿಯನ್ನು ಹೊಗಳಿಯೋ ಬೈದೋ ಹೋಗುತ್ತಿದ್ದರು.

ಆ ಸರವನ್ನು ಇವತ್ತು ಸಂಜೆ ಗುಬ್ಬಿಯ ಸಭೆಗೆ ಒಯ್ಯಬೇಕಿತ್ತು. ಮುಂದಿನ ಚುನಾವಣೆಗೆ ನಿಲ್ಲಲಿರುವ ಮೋಹನ್‌ಕುಮಾರ್ ಸವಾಲು ಹಾಕಿದ್ದ. ದೆಹಲಿಯ ದಾಖಲೆ ಒಂದು ಕಡೆ, ಅವ್ವನ ಬಳೆ ಒಂದು ಕಡೆ, ಜನರ ಮುಂದೆ ತಾಳೆ ನೋಡೋಣ ಎಂದು. ಈಗ ಬರಿಗೈಲಿ ಹೋದರೆ ಜನ ಏನಂತಾರೆ? ಐದು ವರ್ಷ ಸಂಪಾದಿಸಿದ ಹೆಸರು ಒಂದೇ ಸಂಜೆಗೆ ನೀರಾಗುತ್ತಿತ್ತು.

* * *

"ಬೀಗ ಒಡೆದಿಲ್ಲ. ಕೀಲಿಕೈ ಯಾರ ಹತ್ರ?"

"ನನ್ನತ್ರಾನೇ ಮೇಡಂ," ಎಂದ ಕೆಂಪಯ್ಯ. ಆಫೀಸು ನೋಡಿಕೊಳ್ಳುವವನು ಅವನೇ.

"ರಾತ್ರಿ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ."

"ಬೆಳಿಗ್ಗೆ?"

ಕೆಂಪಯ್ಯ ನೆಲ ನೋಡಿದ.

"ನೀವೇ ಕದ್ರಾ?"

"ಅಯ್ಯೋ ಶಿವನೇ, ಇಲ್ಲ!"

"ಮತ್ತ್ಯಾರು?"

"ಹೇಳಲ್ಲ ಅಂತ ಆಣೆ ಇಟ್ಟಿದೀನಿ ಮೇಡಂ. ಲಾಕಪ್ಪಿಗೆ ಹಾಕ್ತೀರಾ, ನಡೀರಿ, ಬರ್ತೀನಿ."

ದಾಕ್ಷಾಯಣಿ ಅವನನ್ನು ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಹೋದಳು. ಮೊಳೆಯ ಕೆಳಗಿನ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ನಿನ್ನೆ ಸರಕ್ಕೆ ಮುಡಿಸಿದ್ದ ಹೂವನ್ನು ಯಾರೋ ಬಿಡಿಸಿ, ಬಾಡದಂತೆ ನೀರು ಚಿಮುಕಿಸಿ, ಅಲ್ಲೇ ಇಟ್ಟಿದ್ದರು. ಇದೆಂಥ ಕಳ್ಳತನ ಮಾರಾಯ್ರೆ! ಕದಿಯುವ ಮುಂಚೆ ದೀಪ ಹಚ್ಚಿ ಹೋಗುವ ಕಳ್ಳನನ್ನು ಅವಳು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

* * *

ಜನರ ಅನುಮಾನ ಮಾತ್ರ ಮೋಹನ್‌ಕುಮಾರನ ಮೇಲೆ. ಹಿಂದಿನ ಸಂಜೆ ಅವನು ಆಫೀಸಿನೊಳಗೆ ನಿಂತು ಒಂದೊಂದೇ ಬಳೆ ನೋಡಿ ಹೋಗಿದ್ದ. ದಾಕ್ಷಾಯಣಿ ಅವನನ್ನೇ ಕರೆಸಿದಳು.

"ನಾನ್ಯಾಕೆ ಕದೀಲಿ ಮೇಡಂ? ಆ ಸರಾನೇ ನಂಗೆ ಬಂಡವಾಳ!" ಅವನು ಕಾಗದ ಬಿಚ್ಚಿ ತೋರಿಸಿದ. "ನುಸಿ ಪರಿಹಾರಕ್ಕೆ ಎಂಪಿ 'ಹೌದು' ಅಂದವ್ರೆ ಅಂತ ದೆಹಲಿ ಹೇಳುತ್ತೆ. ಸರದಲ್ಲಿ ಅದಕ್ಕೆ ಕೆಂಪು! ಯುಗಾದಿ ಆದ್ಮೇಲೆ ಹಸಿರೆಲ್ಲ ಕೆಂಪು, ಕೆಂಪೆಲ್ಲ ಹಸಿರು. ಜನಕ್ಕೆ ಸುಳ್ಳು ತೋರ್ಸೋನು ಎಂಥ ಎಂಪಿ? ಅವರೇ ಎತ್ತಿಟ್ಟವ್ರೆ."

ಮಾತಿನಲ್ಲಿ ತೂಕವಿತ್ತು. ದಾಕ್ಷಾಯಣಿ ವೆಂಕಟರಂಗಯ್ಯನವರತ್ತ ತಿರುಗಿದಳು. ಅವರು ಕೈ ಮುಗಿದರು.

"ನಾನು ಮುಟ್ಟಿಲ್ಲಮ್ಮ. ಆದ್ರೆ ಈ ವಿಷ್ಯ ಅವ್ವನ ಕಿವಿಗೆ ಬೀಳ್ಬಾರ್ದು. ದಮ್ಮಯ್ಯ."

ದಾಕ್ಷಾಯಣಿ ಜೀಪಿಗೆ ಒರಗಿ ಯೋಚಿಸಿದಳು. ತೆಂಗಿನ ನಾಡಿನಲ್ಲಿ ತೆಂಗಿನವರ ಪರ ಓಟು ಹಾಕಿ, ಹಾಕಲಿಲ್ಲ ಎಂದು ಗೋಡೆಗೆ ತೂಗುಹಾಕುವ ರಾಜಕಾರಣಿ ಎಲ್ಲಾದರೂ ಉಂಟೆ? ತನ್ನ ಕಾಲಿಗೆ ತಾನೇ ಯಾರು ಕೊಡಲಿ ಹಾಕಿಕೊಳ್ಳುತ್ತಾರೆ? ಇದು ಮೋಸವಲ್ಲ, ಎಡವಟ್ಟು. ಎಡವಟ್ಟಾಗಿದ್ದರೆ ಬಳೆ ಕಟ್ಟುವ ಕಡೆಯೇ ಆಗಿರಬೇಕು.

* * *

ಮನೆ ಆಫೀಸಿನ ಹಿಂದೆಯೇ ಇತ್ತು. ಹನುಮಂತಮ್ಮ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ವರ್ಷದಿಂದ ಬೆಳೆದಿದ್ದ ಕಣ್ಣಿನ ಪೊರೆ ತೆಗೆಸಿ, ನಿನ್ನೆಯಷ್ಟೇ ಪಟ್ಟಿ ಬಿಚ್ಚಿದ್ದರು.

"ಆಫೀಸಿನ ಕಡೆ ತಲೆ ಹಾಕಿ ತಿಂಗಳಾಯ್ತು ಕಣವ್ವ," ಎಂದರು ಕೇಳುವ ಮುಂಚೆಯೇ.

"ಬಳೆ ಎಲ್ಲಿ ಇಟ್ಕೋತೀರವ್ವ?"

ಸೊಸೆ ಪ್ರೇಮಲತಾ ಬಾಗಿಲಲ್ಲಿ ನಿಂತೇ ಕಪಾಟು ತೋರಿಸಿದಳು. ಒಂದೇ ತರದ ಮೂರು ಡಬ್ಬಿ. "ಬಲಗಡೆ ಹಸಿರು, ಎಡಗಡೆ ಕೆಂಪು, ಮಧ್ಯ ಹಳದಿ. ಅತ್ತೆಗೆ ಕಣ್ಣು ಮಂಜಾಗಿತ್ತಲ್ಲ, ಕೈ ಲೆಕ್ಕದಲ್ಲೇ ತೆಗೀತಿದ್ರು."

ದಾಕ್ಷಾಯಣಿ ಬಲಗಡೆಯ ಡಬ್ಬಿ ತೆರೆದಳು. ಒಳಗೆ ಕೆಂಪು ಬಳೆ.

"ಅಯ್ಯೋ!" ಪ್ರೇಮಲತಾ ಬಾಯಿಗೆ ಕೈ ಇಟ್ಟುಕೊಂಡಳು. "ಯುಗಾದಿಗೆ ಸುಣ್ಣ ಹೊಡ್ಸಿದಾಗ ಡಬ್ಬಿ ಒರೆಸಿಟ್ಟಿದ್ದು ನಾನೇ!"

ಅಷ್ಟರಲ್ಲಿ ಅವ್ವ ದಿಂಬಿನ ಮೇಲೆ ಒರಗಿದರು. ಘಲ್ ಎಂದಿತು.

ದಾಕ್ಷಾಯಣಿ ಅವರ ಕೈ ನೋಡಿದಳು. ಬೋಳುಗೈ. ಗಂಡ ತೀರಿದ ಮೇಲೆ ಹನುಮಂತಮ್ಮ ಬಳೆ ತೊಟ್ಟವರಲ್ಲ.

"ದಿಂಬಿನಡಿಯಿಂದ ತೆಗೀರಿ ಅವ್ವ," ಎಂದಳು ಮೆಲ್ಲಗೆ.

* * *

ಮಗನೂ ಕೆಂಪಯ್ಯನೂ ಬಂದು ನಿಂತಾಗ ಸರ ಅವ್ವನ ಮಡಿಲಲ್ಲಿತ್ತು.

"ಬೀಗ ಒಡೆದಿಲ್ಲ ಅಂದ್ರೆ ಕೆಂಪಯ್ಯನೇ ಬಾಗಿಲು ತೆಗೆದವ್ರೆ," ಎಂದಳು ದಾಕ್ಷಾಯಣಿ. "ಲಾಕಪ್ಪಿಗೆ ಹೋದ್ರೂ ಬಾಯಿ ಬಿಡಲ್ಲ ಅಂದ್ರೆ ಆಣೆ ಹಾಕ್ಸಿದೋರು ದೊಡ್ಡೋರೇ. ಶತ್ರು ಆಗಿದ್ರೆ ದೀಪ ಹಚ್ತಿರ್ಲಿಲ್ಲ, ಹೂವು ಎತ್ತಿಡ್ತಿರ್ಲಿಲ್ಲ. ಮೋಹನ್‌ಕುಮಾರ್‌ಗೆ ಸರ ಮೊಳೇಲೇ ಇರ್ಬೇಕಿತ್ತು. ಡಬ್ಬಿ ನೋಡಿದ್ಮೇಲೆ ಉಳಿದಿದ್ದು ಒಬ್ರೇ. ಹೊಸ ಕಣ್ಣು ಬಂದ ತಕ್ಷಣ ತಾನು ಕಟ್ಟಿದ್ದನ್ನ ನೋಡೋಕೆ ಓಡಿದೋರು."

ಅವ್ವ ಅತ್ತೇಬಿಟ್ಟರು. "ಬೆಳಗಿನ ಜಾವ ಹೋಗಿ ನೋಡಿದ್ರೆ ಎಲ್ಲಾ ಅದಲು ಬದಲು! ನನ್ನ ಕಣ್ಣು ಸುಳ್ಳಾಡ್ತು, ನನ್ನ ಮಗ ಸುಳ್ಳಾಡಿಲ್ಲ ಕಣವ್ವ. ತಿದ್ದಿ ಕಟ್ಟೋಣ ಅಂತ ತಂದೆ. ಕೈಯೇ ಆಡ್ಲಿಲ್ಲ."

ವೆಂಕಟರಂಗಯ್ಯ ತಾಯಿಯ ಕಾಲ ಬಳಿ ಕುಕ್ಕರಿಸಿದರು. "ನಂಗೆ ಮೊದ್ಲಿಂದಲೂ ಗೊತ್ತಿತ್ತವ್ವ. ಬಂದೋರಿಗೆಲ್ಲ ಬಾಯಲ್ಲಿ ಸರಿ ಮಾಡಿ ಹೇಳ್ತಿದ್ದೆ. ನಿಂಗೆ ಹೇಳೋಕೆ ಮನಸ್ಸು ಬರ್ಲಿಲ್ಲ."

ಅವ್ವನ ಅಳು ಗಕ್ಕನೆ ನಿಂತಿತು. "ಏನ್ಲಾ ಅಂದೆ? ಗೊತ್ತಿತ್ತಾ? ನಡಿ ಗುಬ್ಬಿಗೆ. ನಾನೇ ಹೇಳ್ತೀನಿ."

* * *

ಹೇಳಿದರು ಕೂಡ. ಮೈಕಿನ ಮುಂದೆ ಸರ ಎತ್ತಿ ಹಿಡಿದು, ಡಬ್ಬಿಯ ಕಥೆ, ಕಣ್ಣಿನ ಕಥೆ, ಕದ್ದ ಕಥೆ, ಒಂದೂ ಬಿಡಲಿಲ್ಲ.

ಮುಂದಿನ ಸಾಲಿನಿಂದ ಎದ್ದಳು ಸಂತೆಯಲ್ಲಿ ಬಳೆ ಮಾರುವ ದೊಡ್ಡಗಂಗಮ್ಮ. "ಅಯ್ಯ, ಬುಡವ್ವ! ನಮ್ಗೆ ಗೊತ್ತಿಲ್ವಾ? ಯುಗಾದಿಯಿಂದ ಈಚೆ ಕೆಂಪು ಅಂದ್ರೆ ಹಸಿರು ಅಂತ್ಲೇ ಓದ್ಕೋತಿದ್ವಿ. ನಿನ್ ಮುಂದೆ ಯಾರು ಬಾಯಿ ಬಿಡ್ತಾರೆ?"

ಸಭೆಗೆ ಸಭೆಯೇ ನಕ್ಕಿತು. ಮೋಹನ್‌ಕುಮಾರ್ ತನ್ನ ಕಾಗದವನ್ನು ಮಡಚಿ ಜೇಬಿಗೆ ಸೇರಿಸಿದ. ಅವನಿಗೂ ನಗು ಬಂದಿತ್ತು.

ಹನುಮಂತಮ್ಮ ಮಾತ್ರ ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹಳದಿ ಬಳೆ ತೆಗೆದು ಮಗನ ಕೈಗಿಟ್ಟರು.

"ಇದ್ಯಾವ ಓಟಿಗವ್ವ?"

"ಇಷ್ಟು ದಿನ ನನ್ನ ಮುಂದೆ ಸರಿ ಅಂತಾನೂ ಅನ್ನಲಿಲ್ಲ, ತಪ್ಪು ಅಂತಾನೂ ಅನ್ನಲಿಲ್ಲ. ಸುಮ್ನೆ ಕೂತಿದ್ದೆಯಲ್ಲ, ಅದಕ್ಕೆ. ಕಟ್ಟು ಕಣ್ಲಾ."

ವೆಂಕಟರಂಗಯ್ಯ ಎಲ್ಲರ ಮುಂದೆ ಅದನ್ನು ತಾವೇ ಸರಕ್ಕೆ ಕಟ್ಟಿದರು.