ಮೂರನೇ ಜೋಡಣೆ

“ಕೇಳದೆ ನನ್ನ ಕೈ ಹಿಡಿಯಬೇಡಿ.”

ಅವಳು ಹೇಳಿದ್ದು ಮೆಲ್ಲಗೆ. ಆದರೂ ವಿಮಾ ಕಚೇರಿಯ ದೂರು ವಿಭಾಗದಲ್ಲಿ ಕೀಲಿಮಣೆಗಳ ಸದ್ದು ಒಮ್ಮೆಗೇ ನಿಂತಿತು. ಅವಳಿಗೆ ಬ್ರೈಲ್ ಡಿಸ್‌ಪ್ಲೇ ಜೋಡಿಸಿಕೊಡಲು ಬಂದಿದ್ದ ಕಚೇರಿಯ ತಂತ್ರಜ್ಞ, ಎದುರು ಮೇಜಿನವನು, ಅವಳ ಬೆರಳುಗಳನ್ನು ತಾನೇ ಹಿಡಿದು ಅದರ ಮೇಲೆ ಇಟ್ಟುಬಿಟ್ಟಿದ್ದ.

“ತಪ್ಪಾಯ್ತು,” ಅಂದ. ನೆಪ ಹೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

ಪರದೆಯ ಒಂದೊಂದು ಸಾಲೂ ಆ ಸಾಧನದಲ್ಲಿ ಚುಕ್ಕಿಗಳಾಗಿ ಎದ್ದು, ಓದಿದ ಮೇಲೆ ಅಡಗಿ, ಮುಂದಿನ ಸಾಲಿಗೆ ಜಾಗ ಬಿಡುತ್ತಿತ್ತು. ಅದರ ಕೀಲಿಗಳಿಂದ ಬರೆಯಲೂ ಆಗುತ್ತಿತ್ತು. ಕಂಪ್ಯೂಟರಿಗೆ ಕೇಬಲ್, ಫೋನಿಗೆ ಬ್ಲೂಟೂತ್. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಗುಂಡಿ. ಕಿವಿಗೆ ತಪ್ಪುತ್ತಿದ್ದ ಪಾಲಿಸಿ ಸಂಖ್ಯೆಗಳು ಬೆರಳಿಗೆ ತಪ್ಪುತ್ತಿರಲಿಲ್ಲ.

ಫೋನಿನ ಸಂಪರ್ಕ ಮಾತ್ರ ಆಗಾಗ ಕಡಿಯುತ್ತಿತ್ತು. ಸರಿಪಡಿಸಲು ಬರುತ್ತಿದ್ದವನು ಅವಳಿಂದ ಬ್ರೈಲ್ ಕಲಿಯತೊಡಗಿದ. ಸಂಪರ್ಕ ಸರಿಹೋಯಿತು, ಅವನು ಬರುವುದು ನಿಲ್ಲಲಿಲ್ಲ.

ನಾಲ್ಕು ತಿಂಗಳಾದ ಮೇಲೆ, ಒಂದು ಸೋಮವಾರದಿಂದ ನಿಂತೇಹೋಯಿತು. ಎದುರು ಮೇಜಿನಲ್ಲಿದ್ದರೂ ಕರೆದರಷ್ಟೇ ಉತ್ತರ. ಅವನು ಬೇರೆ ಶಾಖೆಗೆ ವರ್ಗ ಕೇಳುತ್ತಿದ್ದಾನೆ, ಅರ್ಜಿಗೆ ಇಂದೇ ಕೊನೆಯ ದಿನ ಎಂದು ಪಕ್ಕದ ಗುಮಾಸ್ತೆಯಿಂದ ಗೊತ್ತಾಯಿತು.

ಯಾಕೆ... ನಾನೇನು ಮಾಡಿದೆ?

ಅಕ್ಕನಿಗಾದರೂ ಹೇಳಿಕೊಳ್ಳೋಣವೆಂದು, ಒಮ್ಮೆ ಒತ್ತಬೇಕಾದ ಗುಂಡಿಯನ್ನು ಸಂಕಟದಲ್ಲಿ ಎರಡು ಸಲ ಒತ್ತಿದಳು. ಯಾವಾಗಲೂ ಎದ್ದ ಸಾಲನ್ನು ಓದಿ ನೋಡಿ ಬರೆಯುವವಳು ಇಂದು ನೋಡಲಿಲ್ಲ.

‘ಅಕ್ಕಾ, ಆ ಪುಣ್ಯಾತ್ಮ ಹೋಗ್ತಿದ್ದಾನೆ. ನನಗೊಂದು ಮಾತೂ ಹೇಳಿಲ್ಲ. ಅವನನ್ನ ಇಷ್ಟು ಇಷ್ಟಪಡ್ತೀನಿ ಅಂತ ನನಗೂ ಇವತ್ತೇ ಗೊತ್ತಾಗಿದ್ದು.’

ಬರೆದದ್ದನ್ನು ಓದಲು ಹಿಂದಕ್ಕೆ ಹೋದಳು. ಅವಳ ಸಾಲಿಗಿಂತ ಮೊದಲು ಬೇರೊಂದು ಸಾಲು ಎದ್ದಿತು: ‘ವೈಯಕ್ತಿಕ ಕಾರಣದಿಂದ ನನ್ನನ್ನು ಬೇರೆ ಶಾಖೆಗೆ ವರ್ಗಾಯಿಸಬೇಕಾಗಿ...’

ಇದು ಅವಳ ಫೋನಲ್ಲ.

ಕಲಿಯುವ ಹುಮ್ಮಸ್ಸಿನಲ್ಲಿ ಅವನು ತನ್ನ ಫೋನಿನಲ್ಲೂ ಪರದೆ ಓದುವ ತಂತ್ರಾಂಶ ಚಾಲೂ ಮಾಡಿ ಅದನ್ನೂ ಈ ಸಾಧನಕ್ಕೆ ಜೋಡಿಸಿದ್ದ. ಆ ಮೂರನೇ ಜೋಡಣೆಯನ್ನು ಅಳಿಸಲು ಮರೆತಿದ್ದ; ಗುಂಡಿಯ ಎರಡನೇ ಒತ್ತು ಅಲ್ಲಿಗೇ ಒಯ್ದಿತ್ತು. ಈಗ ಅವನು ಫೋನಿನಲ್ಲಿ ಬರೆಯುತ್ತಿದ್ದ ಅರ್ಜಿಯ ನಡುವೆ ಅವಳ ಮಾತು ಹೋಗಿ ಕೂತಿತ್ತು.

ಎದುರಿನ ಕುರ್ಚಿ ಸರಿಯಿತು. ಹೆಜ್ಜೆಗಳು ಅವಳ ಮೇಜಿನ ಬಳಿ ನಿಂತವು.

“ಮೊದಲ ಸಾಲಿಗೇ ಗೊತ್ತಾಯ್ತು, ಇದು ನನಗೆ ಬರೆದಿದ್ದಲ್ಲ ಅಂತ,” ಅಂದ ಅವನು. “ಆದ್ರೂ ಪೂರ್ತಿ ಓದ್ಬಿಟ್ಟೆ.”

ನಾಚಿಕೆಯೋ ಸಿಟ್ಟೋ, ಅವಳ ಕಣ್ಣು ತುಂಬಿತು. ಯಾಕೆ ಹೋಗುತ್ತಿದ್ದೀರಿ ಎಂದಷ್ಟೇ ಕೇಳಿದಳು.

“ನಿಮ್ಮಮ್ಮನ ಹತ್ರ ಫೋನಲ್ಲಿ ಅಂದ್ರಿ... ‘ಅವರು ರಿಪೇರಿಯವರು, ಅಷ್ಟೇ’ ಅಂತ.”

“ಅಮ್ಮ ಎಳೆ ಸಿಕ್ಕಿದ್ರೆ ಸೀರೆ ನೇಯೋಳು. ಬಾಯಿ ಮುಚ್ಚಿಸೋಕೆ ಅಂದೆ. ನನ್ನನ್ನೇ ಕೇಳ್ಬಹುದಿತ್ತಲ್ಲ?”

“‘ಹೌದು, ಅಷ್ಟೇ’ ಅಂದ್ಬಿಟ್ರೆ ಅಂತ ಹೆದರಿದೆ.” ಅವನು ತಡೆದು ಹೇಳಿದ, “ನೀವಂದ್ರೆ ನನಗೆ ಪ್ರಾಣ. ಹೇಳೋಕೆ ಧೈರ್ಯ ಬರ್ಲಿಲ್ಲ, ಅರ್ಜಿ ಬರೆದೆ.”

ಅವಳ ಬೆರಳು ಇನ್ನೂ ಸಾಧನದ ಮೇಲೇ ಇತ್ತು. ಕೆಳಗೆ ಚುಕ್ಕಿಗಳು ಅಲುಗಿದವು. ‘ವರ್ಗಾಯಿಸಬೇಕಾಗಿ’ ಅಳಿಯಿತು. ‘ಬೇರೆ ಶಾಖೆಗೆ’ ಅಳಿಯಿತು. ‘ವೈಯಕ್ತಿಕ ಕಾರಣ’ವೂ ಹೋಯಿತು.

ಅವಳು ಕಾದಳು. ಮತ್ತೇನೂ ಅಳಿಯಲಿಲ್ಲ.

“ನಾನು ಬರೆದಿದ್ದು ಹಾಗೇ ಇದೆಯಲ್ಲ...”

“ಇರ್ಲಿ ಬಿಡಿ,” ಅಂದ ಅವನು. “ಇನ್ನೊಂದ್ಸಲ ಓದ್ಬೇಕು.”